ಯಶೋದಕ್ಕನ ಕಾಪರ್-ಟಿ

ಹಿರೇಗುಂಟನೂರಿನ ಹೆಂಗಸರಿಗೆ ನಾನು ಮೂರು ವರ್ಷ ಸುಳ್ಳು ಹೇಳಿದೆ. ಒಂದೇ ಸುಳ್ಳು, ಆದರೆ ಮನೆಮನೆಗೂ ಹೋಗಿ ಹೇಳಿದೆ. ನಾನು ಯಶೋದಾ, ಈ ಊರಿನ ಆಶಾ ಕಾರ್ಯಕರ್ತೆ. ಮಕ್ಕಳ ನಡುವೆ ಅಂತರ ಬೇಕೆನ್ನುವವರಿಗೆ ಕಾಪರ್-ಟಿ ಇದೆ, ಹಾಕಿಸಿಕೊಂಡರೆ ಐದೋ ಹತ್ತೋ ವರ್ಷ ನಿಶ್ಚಿಂತೆ, ಬೇಡವಾದಾಗ ತೆಗೆಸಬಹುದು ಎಂದು ತಿಳಿಹೇಳುವುದು ನನ್ನ ಕೆಲಸ. ಎಷ್ಟು ಚೆನ್ನಾಗಿ ಹೇಳಿದರೂ ಕೊನೆಗೆ ಎಲ್ಲರದೂ ಒಂದೇ ಪ್ರಶ್ನೆ: "ನೀವು ಹಾಕಿಸ್ಕಂಡಿದೀರೇನಕ್ಕ?"

"ಹೂಂ ಮತ್ತೆ! ಐದು ವರ್ಷಾತು. ಐತೋ ಇಲ್ವೋ ಅಂತ್ಲೂ ಗೊತ್ತಾಗಲ್ಲ" ಎನ್ನುತ್ತಿದ್ದೆ. ಗೊತ್ತಾಗುವುದಾದರೂ ಹೇಗೆ, ಇದ್ದರೆ ತಾನೆ! ಸೂಜಿ ಕಂಡರೆ ಬೆವರುವವಳು ನಾನು. ಎರಡು ಸಲ ಆಸ್ಪತ್ರೆಯ ಬಾಗಿಲವರೆಗೂ ಹೋಗಿ, ಮನೆಗೆ ನೆಂಟರು ಬಂದಿದ್ದಾರೆಂದು ನೆಪ ಹೇಳಿ ಓಡಿ ಬಂದಿದ್ದೆ. ಆದರೂ ನನ್ನ ಮಾತು ನಂಬಿ ಹನ್ನೊಂದು ಜನ ಹಾಕಿಸಿಕೊಂಡರು. ಕುರಿ ಸಾಕಿಕೊಂಡಿರುವ ಪಾಲಜ್ಜಿಯಂತೂ "ಅದು ನೆತ್ತಿಗೇರ್ತೈತೆ" ಎಂದು ಆರು ತಿಂಗಳು ನನ್ನ ಜೊತೆ ಜಗಳವಾಡಿ, ಕೊನೆಗೆ ಸೊಸೆ ಕಾವ್ಯಶ್ರೀಯನ್ನು ತಾನೇ ಕರೆದುಕೊಂಡು ಹೋಗಿ ಹಾಕಿಸಿದ್ದಳು.

ಕಳೆದ ವರ್ಷ ಶ್ರಾವಣದಲ್ಲಿ ಅಂಗನವಾಡಿಯಲ್ಲಿ ತಾಯಂದಿರ ಸಭೆಯಿತ್ತು. ಚಿತ್ರಪಟ ಎತ್ತಿ ಹಿಡಿದು, "ಇದನ್ನ ಹಾಕಿಸ್ಕಂಡ್ರೆ ಬಸಿರಾಗೋ ಚಿಂತೆ ಬ್ಯಾಡ" ಎಂದೆ. ಅಷ್ಟರಲ್ಲಿ ಒಳಗಿನಿಂದ ಉಪ್ಪಿಟ್ಟಿನ ಒಗ್ಗರಣೆ ವಾಸನೆ ಬಂತು. ಚಿತ್ರಪಟ ಎಸೆದು ಹೊರಗೋಡಿ, ಹೊಂಗೆ ಮರದ ಬುಡದಲ್ಲಿ ವಾಂತಿ ಮಾಡಿದೆ. ಪಾಲಜ್ಜಿ ಹಿಂದೆಯೇ ಬಂದು ನನ್ನ ಮುಖವನ್ನು ಒಂದು ಸಲ ನೋಡಿದಳು.

"ಎಷ್ಟು ತಿಂಗಳೇ?"

"ಎರಡಿರ್ಬೇಕಜ್ಜಿ" ಎಂದೆ. ನನಗಾಗಲೇ ಇಬ್ಬರು ಮಕ್ಕಳು, ದೊಡ್ಡವಳು ಎಸ್ಸೆಸ್ಸೆಲ್ಸಿ. ಭೂಮಿ ಬಾಯಿಬಿಡಬಾರದೇ ಅನಿಸಿತು.

ಸಂಜೆಯೊಳಗೆ ಹನ್ನೊಂದು ಜನವೂ ಪಾಲಜ್ಜಿಯ ಜೊತೆ ನನ್ನ ಮನೆಯ ಜಗಲಿಯಲ್ಲಿದ್ದರು. "ನಿಮಗೇ ಕೈ ಕೊಟ್ಟೈತೆ ಅಂದ್ಮೇಲೆ ನಮ್ಮನ್ನ ಬಿಡ್ತೈತಾ? ನಾಳೆ ಎಲ್ಲಾರೂ ಹೋಗಿ ತೆಗೆಸ್ಕಂಬರಾಣ" ಎಂದು ಕಾವ್ಯಶ್ರೀ ಅಳತೊಡಗಿದಳು. ಅವಳ ಮಗುವಿಗಿನ್ನೂ ಒಂದೂವರೆ ವರ್ಷ. ಆ ಹೆರಿಗೆಯಲ್ಲಿ ರಕ್ತ ಹೋಗಿ ಬದುಕಿದ್ದೇ ಹೆಚ್ಚು. ಈಗಲೇ ಇನ್ನೊಂದನ್ನು ಹೊತ್ತರೆ ಅವಳ ಗತಿ ಏನು? ನನ್ನ ಮಾನ ಉಳಿಸಿಕೊಳ್ಳಲು ಹೋದರೆ ಇವಳ ಜೀವಕ್ಕೇ ಕುತ್ತು. ಸೂಜಿಗಿಂತ ಹೆಚ್ಚು ಹೆದರಿಕೆ ನನಗಾದದ್ದು ಆಗಲೇ.

"ತೆಗೆಸ್ಬ್ಯಾಡ್ರಿ. ಅದರದ್ದೇನೂ ತಪ್ಪಿಲ್ಲ. ನಾನು ಹಾಕಿಸ್ಕಂಡೇ ಇಲ್ಲ" ಎಂದೆ. "ಹೆದ್ರಿಕೆ ಆತು."

ಒಳಗೆ ಟೀ ಕುಡಿಯುತ್ತಿದ್ದ ನನ್ನ ಗಂಡ ಮಂಜಣ್ಣ ಲೋಟ ಕೆಳಗಿಟ್ಟು, ಹಿತ್ತಲ ಬಾಗಿಲಿನಿಂದ ಜಾಗ ಖಾಲಿ ಮಾಡಿದ.

"ಹೇಳೋದು ಶಾಸ್ತ್ರ, ತಿನ್ನೋದು ಬದನೇಕಾಯಿ!" ಎಂದು ಪಾಲಜ್ಜಿ ಎದ್ದು ನಿಂತಳು. ಎರಡು ಬಿಡುತ್ತಾಳೆಂದೇ ಎಣಿಸಿದೆ. ಆದರೆ ಕಾವ್ಯಶ್ರೀ ಕಣ್ಣೊರೆಸಿಕೊಂಡು ನಕ್ಕುಬಿಟ್ಟಳು.

"ಅಯ್ಯೋ ಅಕ್ಕ, ಅದಕ್ಕ್ಯಾಕೆ ಹೆದ್ರಿಕೆ? ಐದು ನಿಮಿಷದ ಕೆಲ್ಸ. ಮೊದ್ಲು ಎರಡು ಮೂರು ತಿಂಗಳು ಹೊಟ್ಟೆನೋವು, ಮುಟ್ಟು ಜಾಸ್ತಿ ಇರಬೌದು. ಆಮೇಲೆ ಸರಿಹೋಗ್ತೈತೆ" ಎಂದು ನನ್ನ ಮಾತನ್ನೇ ನನಗೆ ಒಪ್ಪಿಸಿದಳು. ಉಳಿದವರು ಬಿಟ್ಟಾರೆಯೇ? ಒಬ್ಬೊಬ್ಬರೂ ತಮ್ಮ ಅನುಭವ ಹೇಳಿ, "ಅರ್ಥ ಆತೇನಕ್ಕ? ಏನಾರ ಅನುಮಾನ ಐತಾ?" ಎಂದು ಕೇಳಿದರು. ತರಬೇತಿ ಪಡೆದ ನನಗಿಂತ ಚೆನ್ನಾಗಿ ಹೇಳಿದರು. ಹೊಟ್ಟೆಕಿಚ್ಚಾಯಿತು.

ದಿನ ತುಂಬಿ, ಚಿತ್ರದುರ್ಗದ ಆಸ್ಪತ್ರೆಯಲ್ಲಿ ನನಗೆ ಹೆಣ್ಣುಮಗು ಹುಟ್ಟಿತು. ಮರುದಿನ ಸಿಸ್ಟರ್ ಬಂದು, "ಹೆರಿಗೆ ಆಗಿ ಎರಡು ದಿನದೊಳಗೆ ಕಾಪರ್-ಟಿ ಹಾಕಬಹುದು. ಬೇಕೋ ಬೇಡವೋ ನೀವೇ ಹೇಳ್ಬೇಕಮ್ಮ" ಎಂದರು. ಊರಿಗೆಲ್ಲ ಉಪದೇಶ ಮಾಡಿದವಳು ನಾನು. ನನ್ನ ಆರೈಕೆಗೆಂದು ಬಂದು ಕೂತಿದ್ದ ಪಾಲಜ್ಜಿಯ ಕಡೆ ತಿರುಗಿ, "ನೀನೇ ಹೇಳಜ್ಜಿ" ಎಂದೆ.

"ನಾನ್ಯಾಕೆ ಹೇಳ್ಲಿ?" ಅವಳ ದನಿ ಸಣ್ಣಗಾಯಿತು. "ಒಂಬತ್ತು ಹೆತ್ತೆ, ನಾಲ್ಕು ಮಣ್ಣಿಗಿಟ್ಟೆ. ಬೇಕಾ ಬ್ಯಾಡ್ವಾ ಅಂತ ನನ್ನ ಒಬ್ರೂ ಕೇಳ್ಲಿಲ್ಲ ಕಣವ್ವ. ನಿನ್ನ ಕೇಳ್ತಾ ಅವ್ರೆ. ನೀನೇ ಹೇಳು."

"ಹಾಕ್ರಿ ಸಿಸ್ಟರ್" ಎಂದೆ. ಹೆದರಿಕೆಯೇನೂ ಹೋಗಿರಲಿಲ್ಲ. ಆದರೂ ಎಂದೆ.