ಸ್ಟ್ಯಾಂಡಿನ ಮೇಲೊಂದು ಬಟ್ಟಲು ನೀರು

ಆ ಬೀದಿಯಲ್ಲಿ ಎಂಟು ವರ್ಷದ ಮಗುವಿನಿಂದ ಹಿಡಿದು ಎಂಬತ್ತು ದಾಟಿದ ಮುದುಕರವರೆಗೆ ಎಲ್ಲರಿಗೂ ಆಕೆ ಫೋಟೋ ಅಕ್ಕ. ಅರವತ್ತೆರಡರ ಹೆಂಗಸಿಗೆ ಎಂಬತ್ತರವರು ಅಕ್ಕ ಎನ್ನುವುದು ಯಾವ ಸೀಮೆಯ ವರಸೆ ಎಂದು ಯಾರೂ ಕೇಳಿದವರಲ್ಲ. ಲಾಂಡ್ರಿಯ ಮೇಲಿನ ಮಹಡಿಯಲ್ಲಿ ಮೂವತ್ತೆಂಟು ವರ್ಷದಿಂದ ಆಕೆಯ ಸ್ಟುಡಿಯೋ. "ಗಲ್ಲ ಸ್ವಲ್ಪ ಕೆಳಗೆ, ಉಸಿರು ಬಿಗಿಹಿಡೀರಿ" ಎಂದು ಅಕ್ಕ ಹೇಳಿದರೆ ಎಂಥ ಅಧಿಕಾರಿಯೂ ತೆಪ್ಪಗೆ ಉಸಿರು ಹಿಡಿಯುತ್ತಿದ್ದ. ಅಂಥ ಅಕ್ಕ ಈಗ ಹತ್ತು ದಿನದಿಂದ ತಾನೇ ಉಸಿರು ಬಿಗಿಹಿಡಿದು ಕೂತಿದ್ದಳು.

ಕಾರಣ, ಶಾಲೆಯ ಹಳೆಯ ಗುಂಪು ಚಿತ್ರಗಳು. ದೊಡ್ಡ ಶಾಲೆಗೆ ನೂರು ವರ್ಷ ತುಂಬುತ್ತಿತ್ತು. ಗೋಡೆಯ ಮೇಲಿದ್ದ ನಲವತ್ತು ಚಿತ್ರಗಳನ್ನು ಪುಸ್ತಕ ಮಾಡುವುದು ಹೆಡ್ ಮೇಡಂ ಆಸೆ. ಆದರೆ ಚಿತ್ರಗಳು ಫ್ರೇಮಿನ ಗಾಜಿಗೇ ಅಂಟಿಕೊಂಡಿದ್ದವು. ಬಿಡಿಸಲು ಹೋದರೆ ಕಾಗದ ಕೈಗೆ ಬಂದು ಮಕ್ಕಳ ಮುಖಗಳು ಗಾಜಿನಲ್ಲೇ ಉಳಿಯುತ್ತಿದ್ದವು. ಫ್ಲ್ಯಾಶ್ ಹಾಕಿದರೆ ಗಾಜು ಬೆಳಕನ್ನು ತಿರುಗಿಸಿ ಕ್ಯಾಮೆರಾದ ಕಣ್ಣಿಗೇ ಹೊಡೆಯುತ್ತಿತ್ತು. ಉಳಿದದ್ದು ಒಂದೇ ದಾರಿ. ಫ್ರೇಮನ್ನು ಗೋಡೆಗೆ ಒರಗಿಸಿ, ಕಿಟಕಿಯ ಮೆದು ಬೆಳಕಿನಲ್ಲಿ, ಕ್ಯಾಮೆರಾದ ಕಣ್ಣನ್ನು ಪೂರಾ ಒಂದು ಸೆಕೆಂಡು ತೆರೆದಿಟ್ಟು ತೆಗೆಯಬೇಕು. ಆ ಒಂದು ಸೆಕೆಂಡು ಯಾವುದೂ ಅಲ್ಲಾಡಕೂಡದು.

ಮೊದಲು ಬಂದ ಆರು ಚಿತ್ರಗಳನ್ನು ಅಕ್ಕ ತೆಗೆದಳು. ಆರಕ್ಕೆ ಆರೂ ಕೆಟ್ಟವು. ಸಾಲಾಗಿ ಕೂತ ಮಕ್ಕಳ ಮುಖಗಳಿಗೆ ಹಬೆ ಹಿಡಿದಂತಿತ್ತು. ಯಾರ ಕಣ್ಣು ಯಾವುದು, ಮೂಗು ಯಾವುದು ಒಂದೂ ತಿಳಿಯುತ್ತಿರಲಿಲ್ಲ. ಹೆಡ್ ಮೇಡಂ ಒಳ್ಳೆಯ ಹೆಂಗಸು, ಬೈಯಲಿಲ್ಲ. "ಬೇರೆ ಯಾರಿಗಾದ್ರೂ ಹೇಳ್ಲಾ ಅಕ್ಕಾ?" ಎಂದು ಮೆಲ್ಲಗೆ ಕೇಳಿದರು. ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. "ಎರಡು ವಾರ ಕೊಡಿ. ನನ್ನ ಸ್ಟ್ಯಾಂಡು ಹಳೇದಾಗಿದೆ, ಹೊಸದು ತರ್ತೀನಿ" ಎಂದಳು ಅಕ್ಕ.

ಸ್ಟ್ಯಾಂಡು ಹಳೆಯದು ನಿಜವೇ. ಒಂದು ಕಾಲಿನ ತಿರುಪು ಸವೆದು, ಟೇಪು ಸುತ್ತಿ ನಿಲ್ಲಿಸಿದ್ದಳು. ಅದಕ್ಕೇ ಎಡಗೈಯಲ್ಲಿ ಅದರ ಕುತ್ತಿಗೆ ಹಿಡಿದು ಬಲಗೈ ಬೆರಳಲ್ಲಿ ಗುಂಡಿ ಒತ್ತುವ ಅಭ್ಯಾಸ. ಆದರೆ ಊರಿಗೆಲ್ಲ ಸ್ಟ್ಯಾಂಡಿನ ಕಥೆ ಹೇಳಿದ ಅಕ್ಕ ತನ್ನ ಮನಸ್ಸಿಗೆ ಬೇರೆಯದನ್ನೇ ಹೇಳಿಕೊಂಡಿದ್ದಳು. ಆರು ತಿಂಗಳಿಂದ ಆಕೆಯ ಕೈ ನಡುಗುತ್ತಿತ್ತು.

ಇದು ಗೊತ್ತಿದ್ದದ್ದು ಸೊಸೆಗೆ ಮಾತ್ರ. ಸೊಸೆ ಆಸ್ಪತ್ರೆಯಲ್ಲಿ ನರ್ಸು. ಅವಳ ಮುಂದೆ ಚಹಾದ ಲೋಟದ ನಡುಕ ಮುಚ್ಚಿಡುವುದು ಸಾಧ್ಯವಿಲ್ಲದ ಮಾತು. ತಾನೇ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿದ್ದಳು. "ಗಾಬರಿ ಪಡೋ ಕಾಯಿಲೆ ಅಲ್ಲ, ವಯಸ್ಸಿನ ನಡುಕ, ಇದರ ಜೊತೆ ಬಾಳೋದು ಕಲೀಬೇಕು" ಎಂದಿದ್ದರು ಡಾಕ್ಟರು. ಡಾಕ್ಟರಿಗೇನು, ಹೇಳಿ ಎದ್ದು ಹೋದರು. ಬಾಳಬೇಕಾದದ್ದು ಅಕ್ಕ, ಅದೂ ಕೈಯನ್ನೇ ನಂಬಿದ ಕಸುಬಿನಲ್ಲಿ.

ಮಗನಿಗೆ ಕೈಯ ವಿಷಯ ತಿಳಿದಿರಲಿಲ್ಲ. ಆರು ಚಿತ್ರ ಕೆಟ್ಟಾಗ ತಮಾಷೆಗೆ, "ಏನಮ್ಮಾ, ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ, ಹಾಗಾಯ್ತು ನಿನ್ನ ಸ್ಟ್ಯಾಂಡಿನ ಕಥೆ" ಎಂದುಬಿಟ್ಟ. ಎಂದೂ ಮಾತಿಗೆ ಮಾತು ಕೊಡುವ ಅಕ್ಕನ ಮುಖ ಇಷ್ಟು ಚಿಕ್ಕದಾಯಿತು. "ಹೊಸ ಸ್ಟ್ಯಾಂಡಲ್ಲೂ ಕೆಟ್ಟರೆ ಸ್ಟುಡಿಯೋ ಬಾಗಿಲು ಹಾಕ್ತೀನಿ ಕಣೋ. ಕ್ಯಾಮೆರಾ ಬೀರು ಸೇರ್ಲಿ" ಎಂದಳು. ಮಗ ನಕ್ಕ. ಸೊಸೆ ನಗಲಿಲ್ಲ. ಅತ್ತೆ ಹೇಳಿದ್ದನ್ನು ಮಾಡಿಯೇ ತೀರುವ ಜಾತಿ ಎಂದು ಅವಳಿಗೆ ಗೊತ್ತಿತ್ತು.

ಮರುದಿನವೇ ಸೊಸೆ ರಜೆ ಹಾಕಿ ಅತ್ತೆಯನ್ನು ಹಳೆಯ ಕ್ಯಾಮೆರಾಗಳ ಅಂಗಡಿಗೆ ಹೊರಡಿಸಿದಳು. ಅಂಗಡಿಯಾತ ಮೊದಲು ಜಮೀನು ಅಳೆಯುವ ಕೆಲಸದಲ್ಲಿದ್ದವನು. ಈಗಲೂ ಎಲ್ಲರೂ ಕರೆಯುವುದು ಸರ್ವೇ ಮೇಷ್ಟ್ರು ಎಂದೇ. ಬಿಸಿಲಲ್ಲಿ ಮೂವತ್ತು ವರ್ಷ ಮೂರು ಕಾಲಿನ ಸ್ಟ್ಯಾಂಡಿನ ಹಿಂದೆ ನಿಂತವನಿಗೆ ಸ್ಟ್ಯಾಂಡುಗಳ ಬಗ್ಗೆ ಇದ್ದಷ್ಟು ಅಭಿಪ್ರಾಯ ಮನುಷ್ಯರ ಬಗ್ಗೆ ಇರಲಿಲ್ಲ.

ಸೊಸೆಯ ಕಣ್ಣು ಮೊದಲು ಹೋದದ್ದು ಕೆಂಪು ಬಣ್ಣದ ಒಂದು ಪುಟಾಣಿ ಸ್ಟ್ಯಾಂಡಿನ ಮೇಲೆ. "ಅತ್ತೆ, ನೋಡಿ, ಮಡಚಿದ್ರೆ ಬ್ಯಾಗೊಳಗೇ ಹೋಗುತ್ತೆ. ಹೂವಿನ ಹಾಗಿದೆ."

"ಹೂವಿನ ಹಾಗೇ ಗಾಳಿಗೆ ಅಲ್ಲಾಡುತ್ತೆ ಕೂಡ" ಎಂದ ಮೇಷ್ಟ್ರು. "ಮಡಚಿದಾಗ ಚಿಕ್ಕದಾಗ್ಬೇಕು ಅಂದ್ರೆ ಕಾಲಿಗೆ ಐದು ಗೆಣ್ಣು ಇಡ್ಬೇಕು. ಗೆಣ್ಣು ಹೆಚ್ಚಿದಷ್ಟೂ ಆಟ ಹೆಚ್ಚು. ಕೊನೇ ತುಂಡು ನೋಡಿ, ಪೆನ್ಸಿಲಿಗಿಂತ ಸಣ್ಣ. ಕ್ಯಾಮೆರಾ ಹೊರೋದಾ ಇದು, ಕ್ಯಾಮೆರಾನೇ ಇದನ್ನ ಹೊರ್ಬೇಕಾ?"

ಅವನದೊಂದು ಪರೀಕ್ಷೆ ಇತ್ತು. ಸ್ಟ್ಯಾಂಡನ್ನು ಪೂರ್ತಿ ಎತ್ತರಕ್ಕೆ ನಿಲ್ಲಿಸಿ, ತಲೆಯ ಮೇಲೆ ಹಲಗೆಯ ತುಂಡೊಂದನ್ನು ಬಿಗಿದು, ಅದರ ಮೇಲೆ ಸ್ಟೀಲ್ ಬಟ್ಟಲಿನಲ್ಲಿ ನೀರಿಟ್ಟ. ಕೆಂಪು ಸ್ಟ್ಯಾಂಡಿನ ಕಾಲಿಗೆ ಬೆರಳಿನಿಂದ ಒಂದೇ ಒಂದು ತಟ್ಟು ತಟ್ಟಿದ. ನೀರು ಕುಣಿಯಿತು. ಮೇಷ್ಟ್ರು ಎಣಿಸುತ್ತಾ ಹೋದ. ಒಂಬತ್ತಕ್ಕೆ ನೀರು ನಿಂತಿತು. ಎರಡನೆಯದು ಕಪ್ಪು ಬಣ್ಣದ್ದು, ದುಬಾರಿಯದು, ಕಿರುಬೆರಳಲ್ಲಿ ಎತ್ತುವಷ್ಟು ಹಗುರ. ಅದು ನಾಲ್ಕಕ್ಕೆ ನಿಂತಿತು. ಆದರೆ ನಡುವಿನ ಕೊಳವೆಯನ್ನು ಮೇಲೆ ಎಳೆದದ್ದೇ ತಡ, ಮತ್ತೆ ಎಂಟು. "ಈ ಕೊಳವೆ ಎತ್ತಿದ್ರೆ ಮೂರು ಕಾಲು ಒಂದು ಕಾಲಾಯ್ತು ಅಂತಲೇ ಲೆಕ್ಕ" ಎಂದ ಮೇಷ್ಟ್ರು.

ಮೂರನೆಯದನ್ನು ಅಂಗಡಿಯ ಹಿಂದಿನಿಂದ ಹೊತ್ತು ತಂದ. ಮರದ ದಪ್ಪ ಕಾಲುಗಳು, ಕಾಲಿಗೆ ಎರಡೇ ತುಂಡು, ಹಿತ್ತಾಳೆಯ ತಿರುಪುಗಳು, ತುದಿಯಲ್ಲಿ ಕಬ್ಬಿಣದ ಮೊನೆ, ಅವಕ್ಕೆ ರಬ್ಬರಿನ ಟೋಪಿ. ಹೊಟ್ಟೆಯ ಕೆಳಗೊಂದು ಕೊಕ್ಕೆ. ಕೊಕ್ಕೆಗೆ ಮರಳಿನ ಚೀಲ ನೇತುಹಾಕಿ ಬಟ್ಟಲಿಟ್ಟು ತಟ್ಟಿದ. ಒಂದು ಎನ್ನುವಷ್ಟರಲ್ಲಿ ನೀರು ಕನ್ನಡಿಯಾಯಿತು.

"ಇದು ಬೇಕು" ಎಂದಳು ಅಕ್ಕ.

"ಅತ್ತೆ! ಇದನ್ನ ಮೆಟ್ಟಿಲು ಹತ್ತಿಸೋರ್ಯಾರು?"

"ನೀನು" ಎಂದಳು ಅಕ್ಕ. ಅವತ್ತು ಅವಳ ಬಾಯಿಂದ ಬಂದ ಮೊದಲ ತಮಾಷೆ ಅದು.

ಕ್ಯಾಮೆರಾ ಕೂರಿಸಿ ನೋಡುವಾಗ ಅಕ್ಕ ಅಭ್ಯಾಸಬಲದಿಂದ ಎಡಗೈಯಲ್ಲಿ ಸ್ಟ್ಯಾಂಡಿನ ಕುತ್ತಿಗೆ ಹಿಡಿದಳು. ಮೇಷ್ಟ್ರ ಕಣ್ಣು ಆ ಕೈಯ ಮೇಲೆ ನಿಂತಿತು. ನಡುಕ ಕಂಡಿತೋ ಇಲ್ಲವೋ, ಅವನು ಆ ಮಾತೆತ್ತಲಿಲ್ಲ. "ಅಕ್ಕಾ, ಮಲಗಿದ ಮಗೂನ ತಟ್ಟಿ ಎಬ್ಬಿಸ್ಬಾರ್ದು. ನಿಲ್ಸಿದ್ಮೇಲೆ ಕೈ ಬಿಟ್ಬಿಡಿ. ಟೈಮರ್ ಹಾಕಿ, ಎರಡು ಹೆಜ್ಜೆ ಹಿಂದೆ ಸರೀರಿ" ಎಂದ.

"ಟೈಮರಾ? ಅದು ಫೋಟೋ ತೆಗೆಯೋಕೆ ಬರ್ದೇ ಇರೋರಿಗೆ."

"ಮೂವತ್ತು ವರ್ಷ ನಾನು ಕೈ ಬಿಟ್ಟೇ ಅಳೆದೋನು. ಒಬ್ಬರ ಜಮೀನೂ ಸರಿದಿಲ್ಲ."

ಅಕ್ಕ ಪರ್ಸು ತೆಗೆದು ಹಣ ಎಣಿಸಿದಳು. ಕೈ ಬಿಟ್ಟು ತೆಗೆದ ಚಿತ್ರ ತನ್ನದು ಹೇಗಾದೀತು ಎಂಬುದೇ ದಾರಿಯುದ್ದಕ್ಕೂ ಅವಳ ತಲೆ ಕೊರೆಯಿತು.

ಅಂತೂ ಸ್ಟ್ಯಾಂಡು ಮಹಡಿ ಹತ್ತಿತು. ಸೊಸೆ ಎರಡು ಕಡೆ ನಿಂತು ಸುಧಾರಿಸಿಕೊಂಡಳು, ಒಂದು ಕಡೆ ಮೇಷ್ಟ್ರ ವಂಶವನ್ನು ನೆನೆದಳು. ಕಿಟಕಿಯ ಬಳಿ ಹಲಗೆಯ ನೆಲದ ಮೇಲೆ ಮೂರು ಕಾಲೂರಿ, ಕೊಕ್ಕೆಗೆ ಮರಳಿನ ಚೀಲ ತೂಗಿ, ತಿರುಪುಗಳನ್ನೆಲ್ಲ ಬಿಗಿದಾಯಿತು. ಎದುರಿಗೆ ಎಂಬತ್ತು ವರ್ಷದ ಹಿಂದಿನ ತರಗತಿಯೊಂದು ಗೋಡೆಗೆ ಒರಗಿ ಕಾದಿತ್ತು. ಅಕ್ಕ ಟೈಮರ್ ಹಾಕಿದಳು. ಹತ್ತು ಸೆಕೆಂಡು. ಎರಡು ಹೆಜ್ಜೆ ಹಿಂದೆ ಸರಿದು, ಕೈಗಳೆರಡನ್ನೂ ಬೆನ್ನ ಹಿಂದೆ ಕಟ್ಟಿ ನಿಂತಳು. ಕ್ಯಾಮೆರಾ ತಾನೇ ಕಣ್ಣು ತೆರೆಯಿತು, ತಾನೇ ಮುಚ್ಚಿತು.

ಪರದೆಯ ಮೇಲೆ ಚಿತ್ರವನ್ನು ದೊಡ್ಡದು ಮಾಡಿ ನೋಡಿದರೆ ಅದೇ ಹಬೆ.

ಇನ್ನೊಂದು ತೆಗೆದಳು. ಅದೂ ಹಾಗೆಯೇ. ಮೂರನೆಯದಕ್ಕೆ ಅಕ್ಕ ಹೋಗಲಿಲ್ಲ. ಗಿರಾಕಿಗಳ ಸ್ಟೂಲಿನ ಮೇಲೆ ಕುಸಿದು ಕೂತು, "ಬೀರು ಬೀಗದ ಕೈ ಎಲ್ಲಿದೆ ನೋಡು ಮಗಳೇ" ಎಂದಳು. ಸೊಸೆಗೆ ಕಣ್ಣು ತುಂಬಿ ಬಂತು. ಅವಳು ಚಹಾ ಮಾಡಲು ಒಳಗೆ ಹೋದಳು. ಇಂಥ ಹೊತ್ತಿನಲ್ಲಿ ಆ ಮನೆಯವರಿಗೆ ಬೇರೆ ದಾರಿ ಗೊತ್ತಿರಲಿಲ್ಲ.

ಅಕ್ಕ ತನ್ನ ಕೈಗಳನ್ನು ಮಡಿಲಲ್ಲಿಟ್ಟು ನೋಡಿದಳು. ಎಲೆಯಂತೆ ಸಣ್ಣಗೆ ಅದುರುತ್ತಿದ್ದವು. ಅವಕ್ಕೆ ಶಾಪ ಹಾಕಲು ಬಾಯಿ ತೆರೆದವಳು ಅಲ್ಲಿಗೇ ತಡೆದಳು. ಚಿತ್ರ ತೆಗೆಯುವಾಗ ಈ ಕೈಗಳು ಎಲ್ಲಿದ್ದವು? ಬೆನ್ನ ಹಿಂದೆ. ಕ್ಯಾಮೆರಾ ಎಲ್ಲಿತ್ತು? ಎರಡು ಹೆಜ್ಜೆ ಆಚೆ. ಹಾಗಿದ್ದ ಮೇಲೆ ಅದನ್ನು ಅಲ್ಲಾಡಿಸಿದವರು ಯಾರು?

ಎದ್ದು ಹೋಗಿ ಕ್ಯಾಮೆರಾ ಇಳಿಸಿದಳು. ಒಂದು ರಟ್ಟಿನ ಪುಸ್ತಕವನ್ನು ಸ್ಟ್ಯಾಂಡಿನ ತಲೆಗೆ ರಬ್ಬರ್ ಬ್ಯಾಂಡಿನಿಂದ ಬಿಗಿದು, ಅದರ ಮೇಲೆ ಬಟ್ಟಲಿಟ್ಟು ನೀರು ಹೊಯ್ದಳು. ಹೊಯ್ಯುವಾಗ ಕೈ ನಡುಗಿ ಅರ್ಧ ನೀರು ನೆಲಕ್ಕೆ ಚೆಲ್ಲಿತು, ಚೆಲ್ಲಲಿ. ದೂರ ಸರಿದು ನೋಡಿದಳು. ಯಾರೂ ಮುಟ್ಟದ, ಯಾರೂ ತಟ್ಟದ ಆ ನೀರಿನ ಮೇಲೆ ಸಣ್ಣ ಸಣ್ಣ ಬಳೆಗಳು ನಡುವಿನಿಂದ ಅಂಚಿಗೆ ಓಡುತ್ತಿದ್ದವು, ನಿಲ್ಲುವ ಮಾತೇ ಇಲ್ಲ.

ಆಗ ಕೇಳಿಸಿತು ಅವಳಿಗೆ. ಕೆಳಗೆ ಲಾಂಡ್ರಿಯ ಬಟ್ಟೆ ಹಿಂಡುವ ಯಂತ್ರ ಗೊರ್‍ರೆನ್ನುತ್ತಿತ್ತು. ಬಂದು ಆರು ತಿಂಗಳಾಗಿತ್ತು, ಬೆಳಗಿನಿಂದ ಸಂಜೆಯವರೆಗೆ ಹಾಗೇ ಗೊರಗುಡುತ್ತಿತ್ತು. ದಿನಾ ಕೇಳುವ ಸದ್ದು ಕಿವಿಗೆ ಬೀಳುವುದಿಲ್ಲ, ಅಷ್ಟೆ. ಪಾಸ್‌ಪೋರ್ಟ್ ಫೋಟೋಗೆ ಕ್ಷಣದಲ್ಲಿ ಮಿಂಚಿ ಮುಗಿಯುವ ಫ್ಲ್ಯಾಶ್ ಇರುವುದರಿಂದ ಈ ಅದುರು ಒಮ್ಮೆಯೂ ಸಿಕ್ಕಿಬಿದ್ದಿರಲಿಲ್ಲ. ಅಕ್ಕ ನೋಡುತ್ತಿದ್ದಂತೆಯೇ ಯಂತ್ರ ಏದುಸಿರು ಬಿಟ್ಟು ನಿಂತಿತು. ಬಟ್ಟಲಿನ ನೀರೂ ನಿಂತಿತು.

ಸೊಸೆ ಚಹಾ ಹಿಡಿದು ಹೊರಗೆ ಬಂದಾಗ ಅತ್ತೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಕಣ್ಣಲ್ಲಿ ನೀರು ಬೇರೆ. ಸೊಸೆ ಚಹಾ ಕೆಳಗಿಟ್ಟು ಅತ್ತೆಯ ನಾಡಿ ಹಿಡಿದಳು.

"ನೆಲ ಡೊಂಕು ಕಣೇ! ನಿಜವಾಗ್ಲೂ ನೆಲವೇ ಡೊಂಕು! ನಿನ್ನ ಗಂಡನ್ನ ಕರೆದು ತೋರ್ಸು!"

ಚಹಾ ಅಲ್ಲೇ ಆರಿತು. ಅತ್ತೆ ಸೊಸೆ ಇಬ್ಬರೂ ದಡದಡ ಮೆಟ್ಟಿಲಿಳಿದರು. ಲಾಂಡ್ರಿ ಅಣ್ಣ ಅವರನ್ನು ನೋಡಿದವನೇ ಎರಡು ಕೈ ಎತ್ತಿದ. "ಅಕ್ಕಾ, ಮೆಷಿನ್ ಸದ್ದು ಅಂತ ಜಗಳಕ್ಕೆ ಬಂದ್ರೆ ನಾನೇನು ಮಾಡ್ಲಿ? ಆರು ತಿಂಗಳಾಯ್ತಲ್ಲ, ಈಗ ಎಚ್ಚರ ಆಯ್ತಾ?"

"ಜಗಳಕ್ಕಲ್ಲಪ್ಪ. ನಿನ್ನ ಮೆಷಿನ್ನಿಗೆ ಕೈ ಮುಗಿಯೋಣ ಅಂತ ಬಂದೆ."

ಲಾಂಡ್ರಿ ಅಣ್ಣ ಸೊಸೆಯ ಮುಖ ನೋಡಿದ. ನರ್ಸು ಜೊತೆಯಲ್ಲೇ ಇದ್ದಾಳಲ್ಲ ಎಂದು ಸ್ವಲ್ಪ ಧೈರ್ಯ ತಂದುಕೊಂಡ. ವಿಷಯ ತಿಳಿದ ಮೇಲೆ, ಮಧ್ಯಾಹ್ನ ಹನ್ನೆರಡರಿಂದ ಎರಡರವರೆಗೆ ಯಂತ್ರ ನಿಲ್ಲಿಸಲು ಒಪ್ಪಿದ. ಹೇಗೂ ಆ ಹೊತ್ತು ಅವನು ಉಂಡು, ಇಸ್ತ್ರಿಯಾದ ಬಟ್ಟೆಗಳ ಗಂಟಿಗೆ ಒರಗಿ ಗೊರಕೆ ಹೊಡೆಯುವ ಹೊತ್ತು. ಅವನ ಗೊರಕೆಗೆ ಬಟ್ಟಲಿನ ನೀರು ಅಲ್ಲಾಡುವುದಿಲ್ಲ ಎಂಬುದನ್ನೂ ಅಕ್ಕ ಪರೀಕ್ಷೆ ಮಾಡಿಯೇ ನಂಬಿದಳು.

ವಾಯಿದೆಯ ದಿನ ಹೆಡ್ ಮೇಡಂ ಬಂದರು. ಉಳಿದ ಮೂವತ್ತನಾಲ್ಕು ಫ್ರೇಮುಗಳು ಕೆಳಗೆ ಗಾಡಿಯಲ್ಲಿದ್ದವು. ಇಲ್ಲಿ ಆಗದಿದ್ದರೆ ಹಾಗೆಯೇ ಇನ್ನೊಬ್ಬರ ಸ್ಟುಡಿಯೋಗೆ. ಅಕ್ಕ ಮತ್ತೆ ತೆಗೆದ ಆರು ಚಿತ್ರಗಳನ್ನು ಮೇಜಿನ ಮೇಲೆ ಹರಡಿದಳು. ಮೇಡಂ ಕನ್ನಡಕ ಏರಿಸಿ ಬಗ್ಗಿದರು. ಅಂಗಿಯ ಗುಂಡಿಗಳನ್ನು ಎಣಿಸಬಹುದಿತ್ತು. ಮುಂದಿನ ಸಾಲಿನವನ ಮೊಣಕಾಲಿನ ಗಾಯ ಕಾಣುತ್ತಿತ್ತು. ಐದು ನೋಡಿ ಆರನೆಯದಕ್ಕೆ ಬಂದಾಗ ಮೇಡಂ ಬೆರಳು ನಿಂತಿತು.

"ಅಕ್ಕಾ, ಇಲ್ಲಿ ಒಂದು ಮುಖ ಅಲ್ಲಾಡಿದೆಯಲ್ಲ?"

ಸೊಸೆ ಓಡಿ ಬಂದು ಮೇಜಿಗೆ ಬಗ್ಗಿದಳು. ಅಕ್ಕ ಮಾತ್ರ ನಿಧಾನಕ್ಕೆ ಬಗ್ಗಿ ನೋಡಿದಳು. ಮೂರನೆಯ ಸಾಲಿನಲ್ಲಿ ಎರಡು ಜಡೆಯ ಹುಡುಗಿ, ಮುಖವಿದ್ದಲ್ಲಿ ಒಂದು ಬಿಳಿ ಗೀರು.

"ಅವಳ ಈ ಕಡೆಯವಳ ರೆಪ್ಪೆ ನೋಡಿ. ಆ ಕಡೆಯವಳ ಓಲೆ ನೋಡಿ. ಅವು ನಿಂತಿವೆ ತಾನೇ? ಇದು ನಾನು ಅಲ್ಲಾಡಿಸಿದ್ದಲ್ಲ ಮೇಡಂ. ಎಂಬತ್ತು ವರ್ಷದ ಹಿಂದೆ ಯಾರೋ ಉಸಿರು ಬಿಗಿಹಿಡೀರಿ ಅಂದಾಗ ಈಯಮ್ಮ ಪಕ್ಕದವಳಿಗೆ ಏನೋ ಹೇಳಿ ನಕ್ಕಿದ್ದಾಳೆ. ಅದನ್ನ ಹಾಗೇ ಹಿಡಿದಿದ್ದೀನಿ."

ಮೇಡಂ ಇನ್ನೊಮ್ಮೆ ನೋಡಿದರು. ಅವರ ಮುಖ ಅರಳಿತು. "ನಮ್ಮ ಶಾಲೇಲಿ ಮೂರನೇ ಸಾಲು ಆಗಿನಿಂದಲೂ ಹೀಗೇ ಅನ್ನಿ."

ಸೊಸೆ ಚಹಾ ತಂದಳು. ಅಕ್ಕ ಕಪ್ಪು ಎತ್ತಿಕೊಂಡಾಗ ಸಾಸರು ಕಟಕಟ ಎಂದಿತು. ಆರು ತಿಂಗಳಿಂದ ಹೊರಗಿನವರ ಮುಂದೆ ಚಹಾ ಕುಡಿಯದ ಅಕ್ಕ ಇವತ್ತು ಅದನ್ನು ಮುಚ್ಚಿಡಲು ಹೋಗಲಿಲ್ಲ. ಮೇಡಂ ಆ ಕೈ ನೋಡಿದರು, ಮೇಜಿನ ಮೇಲಿನ ಚಿತ್ರಗಳನ್ನು ನೋಡಿದರು.

"ಕೈ ನಡುಗುತ್ತೆ ಮೇಡಂ" ಎಂದಳು ಅಕ್ಕ. "ಚೆಲ್ಲೋದು ಚಹಾ ಮಾತ್ರ."

ಮೇಡಂ ಎದ್ದು ಕಿಟಕಿಗೆ ಹೋಗಿ ಕೆಳಗಿದ್ದ ಗಾಡಿಯವನನ್ನು ಕೂಗಿದರು. "ಎಲ್ಲೂ ಹೋಗೋದು ಬೇಡಪ್ಪ, ಮೂವತ್ತನಾಲ್ಕೂ ಇಲ್ಲೇ ಇಳಿಸು."