ಅಣ್ಣನ ದನಿ

ಗಿಳಿಯ ಸ್ವಂತ ದನಿ ಯಾವುದೆಂದು ಅವನು ಕೆಲಸ ಮಾಡುವ ಡಬ್ಬಿಂಗ್ ಸ್ಟುಡಿಯೋದಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಬೆಳಿಗ್ಗೆ ಕಾರ್ಟೂನಿನ ನರಿ, ಮಧ್ಯಾಹ್ನ ಧಾರಾವಾಹಿಯ ಮಾವ, ಸಂಜೆ ಟೂತ್‌ಪೇಸ್ಟಿನ ದಂತವೈದ್ಯ. ಅವನ ಅತ್ಯುತ್ತಮ ಪಾತ್ರಕ್ಕೆ ಮಾತ್ರ ಇದ್ದದ್ದು ಒಬ್ಬರೇ ಪ್ರೇಕ್ಷಕರು: ಹದಿನಾರು ವರ್ಷದಿಂದ ಅವನ ಜೊತೆ ಬಾಳುತ್ತಿದ್ದ ಭೂಗೋಳದ ಮೇಷ್ಟ್ರು. ಆ ಪಾತ್ರ ಮೇಷ್ಟ್ರ ಅಣ್ಣನದು. ಮರದ ಡಿಪೋದ ಮಾಲೀಕ. ಪ್ರತಿ ಮಾತಿಗೆ ಮೊದಲು ಗಂಟಲಲ್ಲಿ ಗರಗಸ ಎಳೆದಂಥ ಕೆಮ್ಮು, ಆಮೇಲೆ ‘ನೋಡಪ್ಪಾ’. ಮೂರು ತಿಂಗಳಿಗೊಮ್ಮೆ ಫೋನ್ ಮಾಡಿ, “ಆ ಪ್ರಾಣೀನ ಮನೆಯಿಂದ ಆಚೆ ಹಾಕಿದ್ಯಾ ಇಲ್ವಾ?” ಎಂದು ಕೇಳುವುದು ಅವನ ವಾಡಿಕೆ. ಫೋನ್ ಇಟ್ಟ ಮರುಕ್ಷಣ ಗಿಳಿ ಅದನ್ನೇ ಕೆಮ್ಮುಸಮೇತ ಒಪ್ಪಿಸುತ್ತಿದ್ದ. ಮೇಷ್ಟ್ರು ನಕ್ಕೂ ನಕ್ಕೂ ಕಣ್ಣೊರೆಸಿಕೊಳ್ಳುತ್ತಿದ್ದರು. ಒರೆಸಿದ್ದೆಲ್ಲ ನಗುವಿನ ನೀರೇ ಎಂದು ಗಿಳಿ ಎಂದೂ ನಂಬಿದವನಲ್ಲ.

ಆ ಮಂಗಳವಾರ ಹನ್ನೊಂದಕ್ಕೆ ಮೇಷ್ಟ್ರು ಶಾಲೆಯ ಮೆಟ್ಟಿಲಲ್ಲಿ ಬಿದ್ದರು. ತಲೆಯೊಳಗೆ ರಕ್ತಸ್ರಾವ. ಗಿಳಿ ಆಸ್ಪತ್ರೆಗೆ ಓಡಿ ಬರುವಷ್ಟರಲ್ಲಿ ತಲೆ ಬೋಳಿಸಿಯಾಗಿತ್ತು, ಆಪರೇಷನ್ನಿಗೆ ಮನೆಯವರ ಸಹಿಯೊಂದು ಬಾಕಿ.

ಕೌಂಟರಿನ ಮೇಡಂ ಅರ್ಜಿಯ ಮೇಲೆ ಪೆನ್ನು ಹಿಡಿದು ಕೇಳಿದರು. “ಪೇಷಂಟ್‌ಗೆ ನೀವು ಏನಾಗ್ಬೇಕು?”

ಗಿಳಿ ಜೊತೆಬಾಳ್ವೆ ಪತ್ರವನ್ನು ಎದುರಿಗಿಟ್ಟ. ನಗರಸಭೆಯ ಮೊಹರು, ಇಬ್ಬರ ಫೋಟೋ, ಮೇಲೆ ಪ್ಲಾಸ್ಟಿಕ್ ಹೊದಿಕೆ.

“ಇದು ಹೋದ ತಿಂಗಳವರೆಗೂ ನಡೀತಿತ್ತು ಸರ್. ಈಗ ಕಾಯ್ದೆ ಬಂತಲ್ಲ.”

ಬಂದಿತ್ತು. ಒಬ್ಬ ಗಂಡಸು, ಒಬ್ಬ ಹೆಂಗಸಿನ ನಡುವಿನದನ್ನು ಬಿಟ್ಟು ಇನ್ನಾವುದೂ ಮದುವೆಯಲ್ಲ, ಮದುವೆಗೆ ಸಮಾನವೂ ಅಲ್ಲ ಎಂಬ ಕಾಯ್ದೆ. ಕಾಯುವ ಕೋಣೆಯ ಟಿವಿಯಲ್ಲಿ ಅದರದೇ ಚರ್ಚೆ. ನಾಲ್ವರು ಟೈ ಕಟ್ಟಿಕೊಂಡು ಒಬ್ಬರ ಮಾತನ್ನೊಬ್ಬರು ಕತ್ತರಿಸುತ್ತಿದ್ದರು.

“ಮದ್ವೆ ಅಂದ್ರೇನು ಅಂತ ನನ್ನ ಕೇಳಿದ್ರೆ ಎರಡೇ ಮಾತಲ್ಲಿ ಹೇಳ್ತಿದ್ದೆ,” ಎಂದ ಮುಂದಿನ ಬೆಂಚಿನ ಮುದುಕ. “‘ಆಯ್ತು ಕಣೇ.’”

“ನಲವತ್ತು ವರ್ಷದಲ್ಲಿ ಒಂದ್ಸಲ ಅಂದಿದ್ರೆ ನನ್ಗೆ ಬಿಪಿ ಬರ್ತಿರ್ಲಿಲ್ಲ,” ಎಂದಳು ಪಕ್ಕದಲ್ಲಿದ್ದ ಅವನ ಹೆಂಡತಿ.

ಬೇರೆ ದಿನವಾಗಿದ್ದರೆ ಗಿಳಿ ಇಬ್ಬರ ದನಿಯನ್ನೂ ಕದ್ದು ಮನೆಗೊಯ್ಯುತ್ತಿದ್ದ.

“ಅವರಿಗೊಬ್ರು ಅಣ್ಣ ಇದ್ದಾರಂತೆ, ಶಾಲೆಯವ್ರು ನಂಬರ್ ಕೊಟ್ರು. ಅವ್ರು ಎತ್ತುತಾ ಇಲ್ಲ,” ಎಂದರು ಮೇಡಂ. “ಯಾರೂ ಇಲ್ದೇ ಇದ್ದಿದ್ರೆ ಇಬ್ರು ಡಾಕ್ಟ್ರು ಸಹಿ ಹಾಕಿ ಒಳಗೆ ತಗೊಂಡುಬಿಡ್ತಿದ್ರು. ಇದ್ದಾರೆ ಅಂತ ಗೊತ್ತಾದ್ಮೇಲೆ ಎರಡು ಗಂಟೆ ಕಾಯ್ಬೇಕು, ಇಲ್ಲಿನ ರೂಲು. ಅವ್ರು ಫೋನಲ್ಲಿ ಒಪ್ಪಿದ್ರೂ ಸಾಕು. ನಾನು, ಸಿಸ್ಟರು ಇಬ್ರೂ ಕೇಳಿಸ್ಕೊಂಡು ಬರ್ಕೋತೀವಿ.”

“ಎರಡು ಗಂಟೆ ಅವರ ಹತ್ರ ಇದೆಯಾ?”

ಮೇಡಂ ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು.

ಗಿಳಿ ಒಂದು ಮಹಡಿ ಕೆಳಗಿಳಿದು, ಮೆಟ್ಟಿಲ ತಿರುವಿನಲ್ಲಿ ಗೋಡೆಗೆ ಮುಖಮಾಡಿ ನಿಂತು, ಗೋಡೆಯ ಮೇಲೇ ಬರೆದಿದ್ದ ಕೌಂಟರಿನ ನಂಬರು ಒತ್ತಿದ. ಒಮ್ಮೆ ಕೆಮ್ಮಿದ. ಗರಗಸ ಸರಿಯಾಗಿ ಕೂತಿತು.

“ನೋಡಪ್ಪಾ... ನೋಡಮ್ಮಾ, ಡಿಪೋ ಫೋನಿಂದ ಮಾತಾಡ್ತಿದ್ದೀನಿ. ನನ್ ತಮ್ಮನಿಗೇನಾಯ್ತು?”

ಹುಟ್ಟಿದ ದಿನ ಕೇಳಿದರು, ಹೇಳಿದ. ತಾಯಿಯ ಹೆಸರು ಕೇಳಿದರು, ಹೇಳಿದ. ಅಪಾಯಗಳನ್ನು ಮೇಡಂ ಒಂದೊಂದಾಗಿ ಓದಿದಾಗಲೆಲ್ಲ “ಹೂಂ, ಮಾಡಿ” ಎಂದ. ಸಿಸ್ಟರ್ ಇನ್ನೊಂದು ರಿಸೀವರಿನಲ್ಲಿ ಕೇಳಿಸಿಕೊಂಡರು. ಇನ್ನು ಫೋನ್ ಇಡಬೇಕು, ಅಷ್ಟರಲ್ಲಿ ಮೇಡಂ, “ಒಂದ್ನಿಮಿಷ ಸರ್. ಅವರ ಜೊತೇಲಿರೋರು ಅಂತ ಒಬ್ರು ಬಂದಿದ್ದಾರೆ. ಒಳಗೆ ಬಿಡಬಹುದಾ?” ಎಂದರು.

ಡಬ್ಬಿಂಗಿನಲ್ಲಿ ಪರದೆಯ ಮೇಲಿನ ತುಟಿ ತೆರೆದರೆ ಮಾತು ಬಿದ್ದೇಬೀಳಬೇಕು. ಅರೆಕ್ಷಣ ತಡವಾದರೂ ಪಾತ್ರ ಸತ್ತಂತೆ. ಇಪ್ಪತ್ತು ವರ್ಷದ ಆ ಅಭ್ಯಾಸ ಗಿಳಿಗಿಂತ ಮುಂಚೆ ಬಾಯಿಬಿಟ್ಟಿತು.

“ಯಾರು, ಆ ಪ್ರಾಣೀನಾ? ಬಾಗಿಲ ಹತ್ರಾನೂ ಸೇರಿಸ್ಬೇಡಿ.”

ಅದ್ಭುತವಾಗಿ ಬಂದಿತ್ತು. ಒಂದೇ ಟೇಕ್. ತಿದ್ದೋಣವೆಂದರೆ ಆ ಅಣ್ಣ ಜನ್ಮದಲ್ಲೇ ಮಾತು ತಿದ್ದಿಕೊಂಡವನಲ್ಲ. ಅನುಮಾನ ಬಂದರೆ ಒಪ್ಪಿಗೆಯೂ ಹೋಗುತ್ತದೆ. “ಬರ್ಕೊಂಡ್ವಿ ಸರ್,” ಎಂದರು ಮೇಡಂ.

ಮೇಲೆ ಬಂದಾಗ ಸಿಸ್ಟರ್ ಗಾಜಿನ ಬಾಗಿಲಿಗೆ ಅಡ್ಡ ನಿಂತಿದ್ದರು. “ತಪ್ಪು ತಿಳ್ಕೋಬೇಡಿ ಸರ್. ಮನೆಯವರು ಬೇಡ ಅಂದಿದ್ದಾರೆ. ಆಪರೇಷನ್‌ಗೆ ಮಾತ್ರ ಒಪ್ಪಿದ್ರು.”

“ಒಪ್ಪಿದ್ರಲ್ಲ, ಸಾಕು,” ಎಂದ ಗಿಳಿ.

ಸಂಜೆ ಐದಕ್ಕೆ ಸಿಸ್ಟರೇ ಹೊರಗೆ ಬಂದರು. ಮೇಷ್ಟ್ರಿಗೆ ಎಚ್ಚರವಾಗಿತ್ತು, ಆದರೆ ಮಿದುಳು ಊದಿಕೊಳ್ಳುತ್ತಿತ್ತು, ಡಾಕ್ಟರು ಭರವಸೆ ಕೊಟ್ಟಿರಲಿಲ್ಲ. “ಒಂದೇ ಸಮ ಗಿಳಿ ಗಿಳಿ ಅಂತಿದ್ದಾರೆ. ಹಕ್ಕಿ ಸಾಕಿದ್ರೇನೋ ಅಂದ್ಕೊಂಡೆ. ನೀವೇನಾ?”

“ನಾನೇ.”

“ಅಣ್ಣ ಇನ್ನೊಂದ್ಸಲ ಫೋನ್ ಮಾಡಿ ಬಿಡಿ ಅಂದ್ರೆ ಬಿಟ್ಟುಬಿಡ್ತೀನಿ. ಯಾರ ಕೈಲಾದ್ರೂ ಹೇಳಿಸಿ. ಬೇಗ.”

ಗಿಳಿ ಮತ್ತೆ ಮೆಟ್ಟಿಲಿಳಿದ. ಅಣ್ಣನ ಬೈಗುಳಗಳೆಲ್ಲ ಅವನ ನಾಲಿಗೆಯ ತುದಿಯಲ್ಲಿದ್ದವು. ಒಳ್ಳೆಯ ಮಾತು ಮಾತ್ರ ಒಂದೂ ಇರಲಿಲ್ಲ. ಕೇಳಿದ್ದರಲ್ಲವೇ ಅನುಕರಿಸುವುದು. ಆದರೂ ಕೆಮ್ಮಿ ಶುರುಮಾಡಿದ. “ನೋಡಮ್ಮಾ. ಮಧ್ಯಾಹ್ನ ಸಿಟ್ಟಲ್ಲಿ ಅಂದುಬಿಟ್ಟೆ. ಅವನನ್ನ ಒಳಗೆ ಬಿಡಿ. ಹದಿನಾರು ವರ್ಷ ನನ್ ತಮ್ಮನ್ನ ನೋಡ್ಕೊಂಡಿದ್ದಾನೆ. ಅವನೂ... ನಮ್ಮೋನೇ.”

ಆ ಕಡೆ ರಿಸೀವರ್ ಕೈ ಬದಲಿಸಿದ ಶಬ್ದ. ಆಮೇಲೆ ಕೆಮ್ಮು, ಅದೇ ಗರಗಸ.

“ನೋಡಪ್ಪಾ,” ಎಂದಿತು ಅದೇ ದನಿ. “ನಾನು ಇಲ್ಲೇ ನಿಂತಿದ್ದೀನಿ.”

ಮಧ್ಯಾಹ್ನದ ಮಿಸ್ಡ್ ಕಾಲುಗಳನ್ನು ನೋಡಿ ಅಣ್ಣ ಕಾರು ಹತ್ತಿದ್ದ. ಆಗಷ್ಟೇ ಲಿಫ್ಟಿನಲ್ಲಿ ಮೇಲೆ ಬಂದಿದ್ದ.

“ಆಪರೇಷನ್‌ಗೆ ಒಪ್ಪಿದ್ದೂ ನೀನೇ ತಾನೆ?”

“ಹೌದು.” ಇದು ಗಿಳಿಯದೇ ದನಿ. ಅವನಿಗೇ ಅದು ತೆಳುವೆನಿಸಿತು. “ಕಾಯೋಕೆ ಟೈಮಿರ್ಲಿಲ್ಲ. ಐದು ನಿಮಿಷ ಬಿಡಿ ಅಣ್ಣಾ. ನೀವೂ ಪಕ್ಕದಲ್ಲೇ ಇರಿ.”

“ಪೊಲೀಸ್ರಿಗೆ ಹೇಳಲ್ಲ. ಅದು ನನ್ ತಮ್ಮನ ಮುಖ ನೋಡ್ಕೊಂಡು. ಆದ್ರೆ ನನ್ ಬಾಯಲ್ಲಿ ‘ನಮ್ಮೋನು’ ಅನ್ನಿಸ್ದೆಯಲ್ಲ, ಅದಕ್ಕೆ ನಿನ್ನ ಒಳಗೆ ಬಿಡಲ್ಲ.”

ಗಿಳಿ ಎರಡೆರಡು ಮೆಟ್ಟಿಲು ಹಾರಿ ಮೇಲೆ ಬಂದ. ಅಣ್ಣ ಗಾಜಿನ ಬಾಗಿಲು ತಳ್ಳಿ ಒಳಗೆ ಹೋಗುತ್ತಿದ್ದ. ಕಾವಲಿನವನು ಗಿಳಿಯ ಎದೆಗೆ ಅಂಗೈ ಒತ್ತಿದ. ಬಾಗಿಲು ತಾನಾಗಿ ನಿಧಾನಕ್ಕೆ ಮುಚ್ಚಿಕೊಳ್ಳುವ ಬಗೆಯದು. ಆ ಸಂದಿನಲ್ಲಿ ಹಾಸಿಗೆಯ ಮೇಲೆ, ಕಣ್ಣಿನವರೆಗೂ ಇಳಿದ ಪಟ್ಟಿ ಕಂಡಿತು. ಮೇಷ್ಟ್ರು ಹೆಜ್ಜೆಯ ಸದ್ದಿಗೆ ಮುಖ ತಿರುಗಿಸಿದರು.

ಅಣ್ಣ ಕೆಮ್ಮಿದ.

ಮೇಷ್ಟ್ರ ಒಡೆದ ತುಟಿಯಲ್ಲಿ ನಗು ಮೂಡಿತು. “ಸಾಕು ಬಿಡೋ ಗಿಳಿ,” ಎಂದರು. “ತಲೆ ನೋಯತ್ತೆ, ನಗಿಸ್ಬೇಡ.”

“ಗಿಳಿ ಅಲ್ಲ ಕಣೋ. ನಾನು. ಅವನು ಬಂದಿಲ್ಲ.”

“ಇಲ್ಲೇ ಇದ್ದೀನಿ ಮೇಷ್ಟ್ರೇ,” ಎಂದ ಗಿಳಿ. ಅಷ್ಟರಲ್ಲಿ ಬಾಗಿಲು ಮುಚ್ಚಿತ್ತು.

ಮೇಷ್ಟ್ರು ಇನ್ನೂ ಒಂದೂವರೆ ದಿನ ಬದುಕಿದ್ದರು.