ಕೂಗದೆ ಕೊಟ್ಟ ಕೋಲು

ಆ ದೇಶಕ್ಕೆ ಅದು ದೊಡ್ಡ ದಿನ. ಹಿಂದೆ ಯಾವಾಗಲೋ ನಾಡಿಗಾಗಿ ಸತ್ತವರನ್ನು ನೆನೆದು, ಮಧ್ಯಾಹ್ನದ ಗಂಟೆ ಬಾರಿಸುವವರೆಗೆ ಎಲ್ಲರೂ ಸದ್ದಿಲ್ಲದೆ ಇರುವ ರಜಾದಿನ. ಓಟದ ಪಂದ್ಯಕ್ಕೆಂದು ಕಾಲೇಜಿನಿಂದ ವಿಮಾನ ಹತ್ತಿ ಬಂದಿದ್ದ ಹುಡುಗಿಯರಿಗೆ ಇದು ಗೊತ್ತಿರಲಿಲ್ಲ. ಬೆಳಿಗ್ಗೆ ಮೈದಾನಕ್ಕೆ ಹೋದರೆ ಗೇಟಿಗೆ ಬೀಗ. ಅಂಗಡಿಗಳ ಬಾಗಿಲು ಎಳೆದಿತ್ತು. ಬಸ್ಸುಗಳ ಸುಳಿವಿರಲಿಲ್ಲ. ಬಿಸಿಲು ಮಾತ್ರ ಬೀದಿಯ ಉದ್ದಕ್ಕೂ, ಒಗೆದು ಹರವಿದ ಪಂಚೆಯ ಹಾಗೆ ಅಲುಗಾಡದೆ ಬಿದ್ದಿತ್ತು. ದೇವರು ಲೋಕವನ್ನು ಮಾಡಿ ಮುಗಿಸಿ, ಜನರನ್ನು ಅದರೊಳಕ್ಕೆ ಬಿಡುವ ಮೊದಲು ಒಂದು ಗಳಿಗೆ ಸುಮ್ಮನೆ ನೋಡುತ್ತ ಕೂತಿದ್ದರೆ, ಆಗಲೂ ಹೀಗೇ ಇದ್ದಿರಬೇಕು.

ಪಂದ್ಯ ಮರುದಿನವೇ. ಅಭ್ಯಾಸ ಬಿಡುವ ಹಾಗಿರಲಿಲ್ಲ. ಕೋಚ್ ಮೇಡಂ ರಿಲೇ ಓಟದ ಹುಡುಗಿಯರನ್ನು ತಾವು ಇಳಿದುಕೊಂಡಿದ್ದ ವಸತಿಗೃಹದ ಹಿಂದಿನ ಬೀದಿಗೆ ಕರೆತಂದರು. ನೇರವಾದ, ನುಣುಪಾದ ಬೀದಿ. ಎರಡೂ ಕಡೆ ಮುಚ್ಚಿದ ಕಿಟಕಿಗಳು. ಮೇಡಂ ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು, ತುಂಡನ್ನು ಅಲ್ಲೇ ಬಿಟ್ಟರು.

ತಂಡದಲ್ಲಿ ಮೂರನೆಯವಳಾಗಿ ಓಡುವವಳು ಅಕ್ಕ, ಕೊನೆಯವಳು ಅವಳ ಒಡಹುಟ್ಟಿದ ತಂಗಿ. ತಂಗಿಯನ್ನು ಎಲ್ಲರೂ ಕರೆಯುವುದು ಗುಬ್ಬಿ ಎಂದು. ಅಕ್ಕನ ಓದು ಈ ವರ್ಷಕ್ಕೆ ಮುಗಿಯುತ್ತದೆ. ನಾಳೆಯದು ಅವಳ ಕೊನೆಯ ಓಟ. ಹೋದ ಸಲದ ಪಂದ್ಯದಲ್ಲಿ ಅಕ್ಕ ಬ್ಯಾಟನ್ ಕೋಲು ಕೊಟ್ಟವಳೇ ಮುಗ್ಗರಿಸಿ ಬಿದ್ದಿದ್ದಳು. ಬೆನ್ನ ಹಿಂದೆ ಧೊಪ್ಪೆಂದ ಸದ್ದು ಕೇಳಿಸಿಕೊಂಡೇ ಗುಬ್ಬಿ ಗುರಿಯವರೆಗೆ ಓಡಿದ್ದಳು. ಅಂದಿನಿಂದ ಅವಳಿಗೊಂದು ಚಾಳಿ ಅಂಟಿಕೊಂಡಿತು. ಅಕ್ಕ ನೆಲದ ಮೇಲಿನ ಗೆರೆ ದಾಟಿದ್ದು ಕಂಡ ಕೂಡಲೇ ಮುಖ ತಿರುಗಿಸಿ ಓಡಬೇಕು, ಕೈ ಮಾತ್ರ ಹಿಂದಕ್ಕೆ ಚಾಚಬೇಕು. ಅದು ಪದ್ಧತಿ. ಇವಳು ಓಡುತ್ತ ಓಡುತ್ತ ಮತ್ತೆ ಹಿಂದಕ್ಕೆ ನೋಡುತ್ತಿದ್ದಳು. ನೋಡಿದರೆ ವೇಗ ಕುಸಿಯುತ್ತದೆ, ಕೈ ಅಲುಗುತ್ತದೆ, ಕೋಲು ನೆಲಕ್ಕೆ.

"ಇವತ್ತು ಹಿಂದೆ ನೋಡಿದ್ರೆ ನಾಳೆ ನೀನು ಬೆಂಚ್ ಮೇಲೆ," ಎಂದರು ಮೇಡಂ. "ನಿನ್ನ ಜಾಗದಲ್ಲಿ ಒಂಟೆ ಓಡ್ತಾಳೆ."

ಒಂಟೆ ಎಂದರೆ ಹೆಚ್ಚುವರಿ ಆಟಗಾರ್ತಿ, ಉದ್ದನೆಯ ಹುಡುಗಿ. "ನನಗೆ ಆ ಭಯ ಇಲ್ಲ ಮೇಡಂ," ಎಂದಳು ಅವಳು. "ನನ್ನ ಕುತ್ತಿಗೆ ತಿರುಗಿ ಮುಗಿಯೋ ಹೊತ್ತಿಗೆ ಓಟವೇ ಮುಗಿದಿರುತ್ತೆ."

ಮೊದಲ ಸಲ ಅಕ್ಕ ಎಂದಿನಂತೆ ಹತ್ತಿರ ಬಂದು "ಹಾ!" ಎಂದು ಕೂಗಿದಳು. ಕೈ ಚಾಚು ಎನ್ನುವುದಕ್ಕೆ ಅದು ಗುರುತು. ಕೂಗು ಗೋಡೆಯಿಂದ ಗೋಡೆಗೆ ತಾಗಿ ಬೀದಿಯ ಕೊನೆಯವರೆಗೆ ಉರುಳಿಕೊಂಡು ಹೋಯಿತು. ಒಂದು ಕಿಟಕಿ ತೆರೆಯಿತು. ಬಿಳಿ ಕೂದಲಿನ ಅಜ್ಜಿಯೊಬ್ಬರು ತುಟಿಗೆ ಬೆರಳಿಟ್ಟು, ಆಮೇಲೆ ಅದೇ ಕೈಯನ್ನು ಎದೆಯ ಮೇಲಿಟ್ಟುಕೊಂಡರು. ಮುಖದಲ್ಲಿ ಸಿಟ್ಟಿರಲಿಲ್ಲ. ಬೆಳಿಗ್ಗೆ ವಸತಿಗೃಹದವರು ಹೇಳಿದ್ದು ನೆನಪಾಗಿ, ಮೇಡಂ ಕೈ ಮುಗಿದು, ಕೊರಳಲ್ಲಿದ್ದ ಸೀಟಿಯನ್ನು ತೆಗೆದು ಜೇಬಿಗೆ ಹಾಕಿದರು.

"ಯಾರೂ ಕೂಗಬೇಡಿ. ಈ ಊರು ಇವತ್ತು ಹೋದವರ ಜೊತೆ ಮಾತಾಡ್ತಾ ಇದೆ. ನಾವು ಮಧ್ಯ ಬಾಯಿ ಹಾಕೋದು ಬೇಡ."

"ಕೂಗದಿದ್ರೆ ಹೇಗೆ ಮೇಡಂ?" ಗುಬ್ಬಿ ಪಿಸುಗುಟ್ಟಿದಳು. "ಅಕ್ಕ ಹತ್ರ ಬಂದ್ಲು ಅಂತ ನನಗೇನು ಕನಸು ಬೀಳುತ್ತಾ?"

"ದೇವರು ಕಿವಿ ಕೊಟ್ಟಿರೋದು ಓಲೆ ಹಾಕ್ಕೊಳ್ಳೋಕೆ ಮಾತ್ರನಾ? ಹೆಜ್ಜೆ ಕೇಳು."

ಮುಂದಿನ ಸಲವೂ ಗುಬ್ಬಿಯ ಕುತ್ತಿಗೆ ತಿರುಗಿತು. ಮೇಡಂ ಇನ್ನೊಂದೇ ಸಲ ಎಂದು ಬೆರಳೆತ್ತಿ ತೋರಿಸಿದರು. ಅಕ್ಕ ಏದುಸಿರು ಬಿಡುತ್ತ ಹತ್ತಿರ ಬಂದಳು.

"ನಾನು ಬೀಳಲ್ಲ ಕಣೇ."

"ಅವತ್ತೂ ಬೀಳ್ತೀನಿ ಅಂತ ಹೇಳಿ ಬಿದ್ದಿದ್ಯಾ?"

"ಬಾಯಿಗೇನೂ ಕಮ್ಮಿ ಇಲ್ಲ. ಸುಮ್ನೆ ಮುಂದೆ ನೋಡು, ತಾಯಿ."

ಗುಬ್ಬಿ ತನ್ನ ಜಾಗಕ್ಕೆ ಹೋಗಿ ನಿಂತಳು. ಅಕ್ಕ ಗೆರೆ ದಾಟಿದಳು. ಗುಬ್ಬಿ ಮುಖ ತಿರುಗಿಸಿ ಓಡಿದಳು, ಮತ್ತು ಕಿವಿಯನ್ನು ಹಿಂದಕ್ಕೆ ಬಿಟ್ಟಳು.

ಇಂಥ ಮೌನವನ್ನು ಅವಳು ಎಂದೂ ಹೊಕ್ಕಿರಲಿಲ್ಲ. ತಿಳಿನೀರಿನ ಕೊಳದ ತಳಕ್ಕೆ ಇಳಿದ ಹಾಗಿತ್ತು. ಆ ತಳದಲ್ಲಿ ಅಕ್ಕನ ಹೆಜ್ಜೆಗಳು ಒಂದೊಂದಾಗಿ, ಬಿಡಿಬಿಡಿಯಾಗಿ ಬಂದವು. ಚಿಕ್ಕಂದಿನಲ್ಲಿ ಮಹಡಿಯ ಕೋಣೆಯಲ್ಲಿ ಮಲಗಿಕೊಂಡೇ ಅವಳು ಮೆಟ್ಟಿಲು ಹತ್ತಿ ಇಳಿಯುವವರು ಯಾರೆಂದು ಹೇಳಿಬಿಡುತ್ತಿದ್ದಳು. ಆಸ್ಪತ್ರೆಯ ಪಾಳಿ ಮುಗಿಸಿ ಬಂದ ಅಮ್ಮನ ಕಾಲು ಭಾರ. ಬೇಕರಿಗೆ ಹೊರಟ ಅಪ್ಪನದು ಚಪ್ಪಲಿ ಎಳೆದುಕೊಂಡು ಹೋಗುವ ನಡಿಗೆ. ಅಕ್ಕನದು ಮೆಟ್ಟಿಲಿಗೂ ಗೊತ್ತಾಗದಂತೆ ಹಾರಿ ಬರುವ ಕಾಲು, ಎರಡೂ ಒಂದೇ ಸಮ. ಈಗ ಬರುತ್ತಿರುವ ಹೆಜ್ಜೆ ಹಾಗಿರಲಿಲ್ಲ. ಬಲಗಾಲು ನೆಲವನ್ನು ಗಟ್ಟಿಯಾಗಿ ಒತ್ತುತ್ತಿತ್ತು. ಎಡಗಾಲು ಮನೆಯವರು ಇದ್ದಾರೋ ಇಲ್ಲವೋ ಎಂದು ಹೊಸ್ತಿಲು ಮುಟ್ಟಿ ಹಿಂದೆ ಸರಿಯುವ ನೆಂಟರ ಹಾಗೆ ತಾಗಿಯೂ ತಾಗದೆ ಏಳುತ್ತಿತ್ತು.

ಗುಬ್ಬಿ ಹಿಂದಕ್ಕೆ ನೋಡಲಿಲ್ಲ. ಚಾಚಿದ ಕೈ ಖಾಲಿಯಾಗಿಯೇ ಉಳಿಯಿತು. ಅಕ್ಕ ಅವಳನ್ನು ಮುಟ್ಟಲಾರದೆ ಹೋಗಿದ್ದಳು.

"ಕುತ್ತಿಗೆ ಸರಿಹೋಯ್ತು," ಎಂದರು ಮೇಡಂ. "ಆದ್ರೆ ಬೇಗ ಹೊರಟುಬಿಟ್ಟೆ."

ತಾನು ಬೇಗ ಹೊರಟಿಲ್ಲವೆಂದು ಗುಬ್ಬಿಗೆ ಗೊತ್ತಿತ್ತು. ಅವಳು ವಾಪಸ್ಸು ನಡೆದು, ಬೂಟಿನ ದಾರ ಕಟ್ಟುವ ನೆಪದಲ್ಲಿ ಕುಕ್ಕರಿಸಿ, ಸೀಮೆಸುಣ್ಣದ ಗೆರೆಯನ್ನು ಅಂಗೈಯಿಂದ ಉಜ್ಜಿದಳು. ತನ್ನ ಜಾಗಕ್ಕೆ ತುಸು ಹತ್ತಿರ ಬೇರೊಂದು ಗೆರೆ ಎಳೆದಳು. ಈಗ ಅಕ್ಕ ಇನ್ನಷ್ಟು ಹತ್ತಿರ ಬಂದ ಮೇಲೆಯೇ ಅವಳು ಹೊರಡುತ್ತಾಳೆ.

ಈ ಸಲ ಕೋಲು ಅಂಗೈಗೆ ಬಂದದ್ದು, ದೇವರ ಮುಂದೆ ನೀಡಿದ ಕೈಗೆ ಹೂವು ಬಿದ್ದ ಹಾಗೆ. ಮೇಡಂ ಸದ್ದಾಗದಂತೆ ಚಪ್ಪಾಳೆ ತಟ್ಟಿದರು. "ನಾಳೆ ನೀನೇ ಓಡೋದು, ಹೋಗು."

ಅಕ್ಕ ಮಾತ್ರ ನೆಲ ನೋಡುತ್ತ ನಿಂತಿದ್ದಳು. ಗುಬ್ಬಿ ಬಳಿಗೆ ಬಂದಾಗ ಮೆಲ್ಲಗೆ ಕೇಳಿದಳು. "ಗೆರೆ ಅಳಿಸಿದ್ದು ನೀನಾ?"

"ಹೂಂ."

"ಯಾಕೆ?"

"ನಿನ್ನ ಎಡಗಾಲು ಹೇಳ್ತು."

ಅಕ್ಕ ಎಡಗಾಲನ್ನು ಹಿಂದಕ್ಕೆ ಎಳೆದುಕೊಂಡಳು. ಗುಬ್ಬಿಯೇ ಅಂದಳು, "ನಾನು ಯಾರಿಗೂ ಹೇಳಲ್ಲ. ನಾಳೆ ಇಷ್ಟೇ ಹತ್ರ ಗುರುತು ಹಾಕ್ಕೊಳ್ಳೋಣ. ನಿಧಾನ ಬಾ. ಕಾಯ್ತೀನಿ."

"ಕಾದ್ರೆ ಸೋಲ್ತೀವಿ."

"ಸೋಲೋಣ ಬಿಡು."

"ನೀನೊಬ್ಬಳೇ ಓಡೋದಾದ್ರೆ ಸೋಲು. ಉಳಿದವರನ್ನ ಯಾಕೆ ಸೋಲಿಸ್ತೀಯ?" ಅಕ್ಕ ತಂಗಿಯ ಸುಣ್ಣ ಹತ್ತಿದ ಅಂಗೈಯನ್ನು ಹಿಡಿದು, ತನ್ನ ಅಂಗಿಯ ತುದಿಯಿಂದ ಒರೆಸಿದಳು. "ಇಷ್ಟು ದಿನ ಈ ಸುಳ್ಳನ್ನ ನಾನೊಬ್ಬಳೇ ಹೊತ್ಕೊಂಡಿದ್ದೆ. ಇವತ್ತು ನಿನ್ನ ಕೈಗೂ ದಾಟಿಸಿಬಿಟ್ಟೆ ನೋಡು."

ಅವಳು ತಾನಾಗಿಯೇ ಹೋಗಿ ಮೇಡಂ ಮುಂದೆ ನಿಂತಳು. ಮೇಡಂ ಅವಳನ್ನು ಅಜ್ಜಿಯ ಕಿಟಕಿಯ ಕೆಳಗಿದ್ದ ಮೆಟ್ಟಿಲ ಮೇಲೆ ಕೂರಿಸಿ, ಎಡತೊಡೆಯ ಹಿಂಭಾಗವನ್ನು ಹೆಬ್ಬೆರಳಿನಿಂದ ಒತ್ತಿದರು. ಅಕ್ಕನ ಕಣ್ಣು ತುಂಬಿ ಬಂತು.

"ಯಾವಾಗಿಂದ?"

"ಅವತ್ತು ಬಿದ್ದಾಗಿಂದ. ವಾಸಿ ಆಯ್ತು ಅಂದ್ಕೊಂಡಿದ್ದೆ."

ಮೇಡಂ ಅವಳ ಕಾಲನ್ನು ಹಿಡಿದುಕೊಂಡೇ ಕೂತಿದ್ದರು. "ಬಾಯಿಗೆ ಬಂದ ಹಾಗೆ ಬೈಬೇಕು ಅನ್ನಿಸ್ತಿದೆ. ಏನೋ ನಿನ್ನ ಪುಣ್ಯ, ಇವತ್ತು ಕೂಗೋ ಹಾಗಿಲ್ಲ." ಆಮೇಲೆ ತಿರುಗದೆಯೇ ಕರೆದರು. "ಒಂಟೆ, ಬಾ. ಮೂರನೇ ಓಟ ನಿಂದು."

ಒಂಟೆ ಬಂದಳು. ಬಯಸಿದ್ದು ಸಿಕ್ಕವರ ಮುಖ ಅವಳದಾಗಿರಲಿಲ್ಲ. "ಅಕ್ಕಾ, ನಾನು ಹೀಗೆ ಆಗ್ಲಿ ಅಂತ..."

"ಗೊತ್ತು, ಹೋಗು. ಅವಳು ಎಡಗೈ ಚಾಚ್ತಾಳೆ. ಬೆರಳಿಗೆ ಕೊಡಬೇಡ, ಅಂಗೈಗೆ ಕೊಡು. ಹೊಡೆದ ಹಾಗೆ ಕೊಡಬೇಡ, ಬೆಚ್ಚಿಬೀಳ್ತಾಳೆ."

ಅಕ್ಕ ಕುಂಟುತ್ತ ಬಂದು, ತಾನೇ ಸೀಮೆಸುಣ್ಣ ಹಿಡಿದು, ಒಂಟೆಯ ದಾಪುಗಾಲಿಗೆ ತಕ್ಕಂತೆ ಗೆರೆಯನ್ನು ದೂರಕ್ಕೆ ಎಳೆದಳು. ಎಳೆದು ಅದರ ಪಕ್ಕದಲ್ಲೇ ಕಾಲು ನೀಡಿ ಕೂತಳು.

ಗುಬ್ಬಿ ನೋಡುತ್ತಿದ್ದದ್ದು ಗೆರೆಯನ್ನು. ಕಂಡದ್ದು ಗೆರೆಯ ಮೇಲೆ ಕೈಯಿಟ್ಟುಕೊಂಡ ಅಕ್ಕ. ಒಂಟೆ ಗೆರೆ ದಾಟಿದಳು. ಗುಬ್ಬಿ ಮುಖ ತಿರುಗಿಸಿ ಓಡಿದಳು. ಪರಿಚಯವಿಲ್ಲದ ಉದ್ದುದ್ದ ಹೆಜ್ಜೆಗಳು ಹಿಂದೆ ಬಂದವು, ಅವನ್ನೂ ಕೇಳಿಸಿಕೊಂಡಳು. ಕೈ ಚಾಚಿದಳು. ಕೋಲು ಅಂಗೈಯೊಳಗೆ ಇಳಿಯಿತು.

ಅಲ್ಲಿಗೆ ನಿಲ್ಲಬೇಕಿತ್ತು. ಅವಳು ನಿಲ್ಲಲಿಲ್ಲ. ನಿಂತರೆ ತಿರುಗಬೇಕು, ತಿರುಗಿದರೆ ನೆಲದ ಮೇಲೆ ಕೂತ ಅಕ್ಕ ಕಾಣುತ್ತಾಳೆ. ಓಡಿದಳು. ಮುಚ್ಚಿದ ಅಂಗಡಿಗಳು, ಬಿಸಿಲು, ನೆರಳು, ಮತ್ತೆ ಬಿಸಿಲು ಎರಡೂ ಕಡೆಯಿಂದ ಮೆಲ್ಲಗೆ ಜಾರಿಹೋದವು. ಕಾಲ ಕೆಳಗಿನ ನೆಲ ಅವಳನ್ನು ಕೈಯಿಂದ ಕೈಗೆ ದಾಟಿಸುತ್ತಿರುವಂತೆ ಇತ್ತು.

ಆಗ ಎಲ್ಲಿಂದಲೋ ಮಧ್ಯಾಹ್ನದ ಗಂಟೆ ಬಾರಿಸಿತು. ಒಂದಾದ ಮೇಲೊಂದು ಕಿಟಕಿಗಳು ತೆರೆದುಕೊಂಡವು. ಯಾರದೋ ಮನೆಯೊಳಗೆ ಒಬ್ಬರು ಕೆಮ್ಮಿದರು, ಇನ್ನೊಬ್ಬರು ನಕ್ಕರು. ಊರಿಗೆ ಮಾತು ಬಂದಿತ್ತು.

"ಗುಬ್ಬೀ," ದೂರದಿಂದ ಅಕ್ಕ ಕೂಗಿದಳು. "ಸಾಕು ಬಾರೇ. ಎತ್ತಿ ನಿಲ್ಲಿಸು ನನ್ನ."

ಗುಬ್ಬಿ ತಿರುಗಿ ನೋಡಿದಳು.